ಅತ್ತೆ ಕೇಳಿದ ಕೋಳಿಯ ಕತೆ

ಇವತ್ತು ಅಂಗಳ ಗುಡಿಸಿದ್ದಾತು, ದೋಸೆಗೆ ಅಕ್ಕಿ ನೆನೆಹಾಕಿದ್ದಾತು, ಹಾಸಿಗೆ ಬಿಸಿಲಿಗೆ ಹಾಕಿ ತೆಗೆದದ್ದಾತು, ಕಡೆಗೆ ಹಿತ್ತಲಲ್ಲಿ ಒಣಗಿದ ತೆಂಗಿನ ಗರಿ ರಾಶಿ ಹಾಕಿ ಬೆಂಕಿ ಕೊಟ್ಟದ್ದೂ ಆತು. ಹೊಗೆ ಎದ್ದ ಕೂಡಲೇ ಅತ್ತೆಯ ಬೆರಳುಗಳು ಕಣ್ಣೆದುರು ಬಂದವು. ಕಿಟಕಿಯ ಮರದ ಸರಳನ್ನು ಹಿಡಿದ ಉದ್ದನೆಯ ಬೆರಳುಗಳು. ಉಗುರು ಹಳದಿ, ಗೆಣ್ಣು ಬಿಳುಚಿಕೊಂಡದ್ದು. ಮುಖಕ್ಕಿಂತ ಹೆಚ್ಚಾಗಿ ನಾನು ಕಂಡದ್ದು ಅವನ್ನೇ.

ಅವಳು ನನ್ನ ಅಪ್ಪನ ತಂಗಿ. ಕ್ಷಯ ಎಂದು ಗೊತ್ತಾದ ಮೇಲೆ ಭಟ್ಕಳದ ಗಂಡನ ಮನೆಯವರು ಅವಳನ್ನು ಬಸ್ಸಿನಲ್ಲಿ ಕರೆತಂದು, ಹಳದೀಪುರದ ನಮ್ಮ ಮನೆಯಲ್ಲಿ ಬಿಟ್ಟು, ನೀರೂ ಕುಡಿಯದೆ ಹೋದರು. ಐವತ್ತರ ದಶಕದ ಕೊನೆ. ನಾನಿನ್ನೂ ಕನ್ನಡ ಶಾಲೆಯ ಹುಡುಗಿ. ಹಿತ್ತಲಿನ ತೆಂಗಿನಕಾಯಿ ಕೋಣೆಯನ್ನು ತೆರವು ಮಾಡಿ ಅವಳಿಗೆ ಕೊಟ್ಟರು. ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿಯ ಕಟ್ಟಳೆ: ನಾನು ಆ ಹೊಸಿಲು ದಾಟಬಾರದು, ಒಳಗೆ ಹೋದ ಸಾಮಾನು ಹೊರಗೆ ಬರಬಾರದು. ಬಟ್ಟಲು ಒಳಗೇ, ಚೊಂಬು ಒಳಗೇ.

ಶಾಲೆ ಬಿಟ್ಟು ಬಂದವಳೇ ನಾನು ಕಿಟಕಿಯಿಂದ ಮಾರು ದೂರದ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದೆ.

"ಇವತ್ತು ಎಂತ ಕಂಡೆ?"

"ಹೊಳೆ ಕಂಡೆ ಅತ್ತೆ. ಚಂದ ಇತ್ತು."

"ಚಂದ ಅಂದ್ರೆ ನಂಗೆಂತ ಕಾಣ್ತದೆ? ಗೋಡೆ ಕಾಣ್ತದೆ. ನಾಳೆ ಸಮಾ ನೋಡ್ಕಂಡು ಬಾ."

ಸ್ವಲ್ಪ ದಿನ ಕಳೆದು ಅವಳೇ ಹೇಳಿದಳು: "ನೀ ಹೇಳಿ ಹೋದದ್ದು ರಾತ್ರೆಗೆ ಉಳಿಯೂದಿಲ್ಲ ಮಗಾ. ಬರ್ದು ಕೊಡು."

ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಬರೆದು, ಕೋಲಿನ ತುದಿಗೆ ಸಿಕ್ಕಿಸಿ ಕಿಟಕಿಯೊಳಗೆ ಚಾಚುತ್ತಿದ್ದೆ. ಬರೆದದ್ದು ತಿರುಗಿ ನನ್ನ ಕೈಗೆ ಬರುವಂತಿರಲಿಲ್ಲ. ಅವಳು ಗಟ್ಟಿಯಾಗಿ ಓದುವಳು. ಕೆಮ್ಮು ಬಂದಲ್ಲಿ ನಿಲ್ಲಿಸಿ, ಮತ್ತೆ ಅಲ್ಲಿಂದಲೇ. "ನೀ ಬರ್ದ ಬಸ್ಸಿನ ಕಂಡಕ್ಟರ ಬರೇ ಬೈತಾನೆ. ಅವನ ಕಾಲಲ್ಲಿ ಚಪ್ಪಲಿ ಇತ್ತಾ ಇಲ್ವಾ?"

ಬಾವಿಕಟ್ಟೆಯಿಂದ ಆಯಿ ರೇಗುವಳು: "ಕೂಸಿಗೆ ಎಂತ ಹುಚ್ಚು ಹಿಡಿಸ್ತೆ? ಪಾತ್ರೆ ಹಾಗೇ ಬಿದ್ದದೆ."

"ಪಾತ್ರೆ ನಾಳೆಗೂ ಇರ್ತದೆ ಅತ್ತಿಗೆ. ನಾ ಇರ್ತೆನಾ?"

ಒಂದು ಬೆಳಿಗ್ಗೆ ಹೊನ್ನಾವರದ ಬಸ್ಸು ನಿಂತಾಗ ಹತ್ತಲು ಹೊರಟ ಮುದುಕನೊಬ್ಬನ ಚೀಲದಿಂದ ಕೋಳಿ ಹಾರಿ ಗದ್ದೆಗಿಳಿಯಿತು. ಮುದುಕ ಪಂಚೆ ಎತ್ತಿಕಟ್ಟಿ ಅದರ ಹಿಂದೆ ಓಡಿದ. ಡ್ರೈವರನದು ಹಾರ್ನಿನ ಮೇಲೆ ಹಾರ್ನು. ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು, ನಾನು ಓಡಿದೆ. ಅಷ್ಟನ್ನೇ ಬರೆದುಕೊಟ್ಟೆ.

"ಮತ್ತೆ? ಕೋಳಿ ಸಿಕ್ತಾ?"

"ಗೊತ್ತಿಲ್ಲ. ನಾ ನೋಡ್ಲಿಲ್ಲ."

ಅತ್ತೆ ಹಾಳೆ ಮಡಚಿಟ್ಟು ಮತ್ತೆ ಸರಳು ಹಿಡಿದಳು. "ಇಷ್ಟು ದಿನ ಕಂಡದ್ದು ಬರ್ದೆ. ಇನ್ನು ಕಾಣದ್ದು ಬರಿ. ಮುದುಕ ಎಂತಕ್ಕೆ ಕೋಳಿ ತಕಂಡು ಹೊರಟಿದ್ದ, ಬಸ್ಸು ತಪ್ಪಿದ್ರೆ ಅವನ ಗತಿ ಎಂತ, ಎಲ್ಲ ನೀನೇ ಹುಟ್ಟಿಸು. ನಂಗೆ ಅದು ಬೇಕು."

ಹುಟ್ಟಿಸುವುದು ಸುಲಭವಿರಲಿಲ್ಲ. ಬರೆದೆ, ಒರೆಸಿದೆ. ಈ ನಡುವೆ ಸರಳಿನ ಮೇಲೆ ಬೆರಳು ಬರುವುದು ನಿಂತಿತು, ಒಳಗಿಂದ "ಸಿಕ್ತಾ?" ಎಂಬ ದನಿ ಮಾತ್ರ. ಕಡೆಗೂ ಕತೆ ಮುಗಿಸಿ ಪಾಟಿಚೀಲದಲ್ಲಿಟ್ಟುಕೊಂಡು ಬಂದ ಸಂಜೆ ಕೋಣೆಯ ಬಾಗಿಲು ದೊಡ್ಡದಾಗಿ ತೆರೆದಿತ್ತು. ಅಂಗಳದ ತುಂಬ ಜನ.

ಮರುದಿನ ಅಪ್ಪ ಅವಳ ಹಾಸಿಗೆ, ಹೊದಿಕೆ, ಚಾಪೆ ಎಲ್ಲವನ್ನೂ ಹಿತ್ತಲಲ್ಲಿ ರಾಶಿ ಹಾಕಿ ಬೆಂಕಿ ಕೊಟ್ಟರು. ದಿಂಬಿನ ಅಡಿಯಿಂದ ಕ್ಯಾಲೆಂಡರಿನ ಹಾಳೆಗಳ ಕಟ್ಟು ಬಂತು. ಸೀರೆಯ ಅಂಚು ಹರಿದು ಕಟ್ಟಿದ್ದಳು. ನಾನು ಕೈ ಚಾಚಿದೆ. ಆಯಿ ನನ್ನ ರಟ್ಟೆ ಹಿಡಿದಳು. "ಬೇಡ ಮಗಾ." ಹಿಡಿದ ಕೈಯನ್ನು ಕಟ್ಟು ಉರಿದು ಮುಗಿಯುವವರೆಗೂ ಬಿಡಲಿಲ್ಲ.

ರಾತ್ರಿ ಪಕ್ಕದ ಮನೆಯವರು ಗಂಜಿ ತಂದುಕೊಟ್ಟರು. ನಾನೂ ಆಯಿಯೂ ಮಾವಿನ ಮಿಡಿ ನಂಜಿಕೊಂಡು ಉಂಡೆವು. ಅಪ್ಪ ಉಣ್ಣದೆ ಜಗಲಿಯಲ್ಲೇ ಕೂತಿದ್ದರು. ಚಿಮಣಿ ಆರಿಸಿದ ಮೇಲೆ ಆಯಿ ನನ್ನ ಕಡೆ ಹೊರಳಿದಳು.

"ಆ ಕೋಳಿ ಸಿಕ್ತಾ?"

ಆಯಿಗೆ ಓದು ಬರುತ್ತಿರಲಿಲ್ಲ. ಅತ್ತೆ ಓದುತ್ತಿದ್ದಾಗ, ಕೊಡ ತುಂಬಿದ ಮೇಲೂ ಅವಳು ಬಾವಿಕಟ್ಟೆ ಬಿಟ್ಟು ಕದಲುತ್ತಿರಲಿಲ್ಲ ಎಂಬುದು ಆಗ ನೆನಪಿಗೆ ಬಂತು.

ಬಾಯಲ್ಲೇ ಹೇಳಿದೆ. ಕೋಳಿ ಸಿಕ್ಕಿತು, ಬಸ್ಸು ತಪ್ಪಿತು. ಹೊನ್ನಾವರದಲ್ಲಿ ಅವನ ತಂಗಿ ಕಾಯಿಲೆ ಬಿದ್ದಿದ್ದಾಳೆ, ಕೋಳಿ ಅವಳಿಗೆ. ಮುದುಕ ಅದನ್ನು ಕಂಕುಳಲ್ಲಿಟ್ಟು ನಡೆದೇ ಹೊರಟ. ಅವನು ಪೇಟೆ ಮುಟ್ಟುವಷ್ಟರಲ್ಲಿ ಆಯಿಗೆ ನಿದ್ದೆ ಬಂದಿತ್ತು. ನಾನು ಅವನನ್ನು ತಂಗಿಯ ಬಾಗಿಲ ತನಕ ಮುಟ್ಟಿಸಿ, ಆಮೇಲೆ ಮಲಗಿದೆ.