ಕೆಳಗಿನ ಮನೆಯ ಕವಿಯ ಹೆಸರು

ನಾನು ಬೂತಾಯಿ ಮೀನು ಹುರಿದ ದಿನ, ಕಿಟಕಿ ತೆರೆದಿಡಿ ಎಂದು ನಮ್ಮ ಬಾಗಿಲಿಗೆ ಯಾರಾದರೂ ಚೀಟಿ ಅಂಟಿಸಿ ಹೋಗುವುದು ಮಾಮೂಲು. ಜರ್ಮನಿಯ ಫೊಯರ್‌ಬಾಕ್‌ಗೆ ಬಂದ ಹೊಸದರಲ್ಲಿ ಚೀಟಿ ನೋಡಿ ಅಳು ಬರುತ್ತಿತ್ತು, ಆಮೇಲಾಮೇಲೆ ಸಿಟ್ಟು. ಒಂದು ಶನಿವಾರ ಚೀಟಿಯ ಬದಲು ಬಾಗಿಲನ್ನೇ ತಟ್ಟಿದರು. ಜಗಳಕ್ಕೆ ಸೊಂಟ ಕಟ್ಟಿಕೊಂಡೇ ತೆರೆದೆ. ಕೆಳಗಿನ ಮನೆಯ ಮುದುಕರು. "ಇದು ನನ್ನ ಅಮ್ಮನ ಅಡುಗೆಮನೆಯ ವಾಸನೆ" ಎಂದರು ಜರ್ಮನ್‌ನಲ್ಲಿ. ಒಳಗೆ ಕರೆದು ಬಡಿಸಿದೆ. ಎರಡು ಮೀನು ತಿಂದು, ಮುಳ್ಳನ್ನು ನಮ್ಮ ಮಂಗಳೂರಿನವರ ಹಾಗೆಯೇ ಚೊಕ್ಕವಾಗಿ ತಟ್ಟೆಯ ಅಂಚಿಗಿಟ್ಟರು.

ಅವರು ಪೋರ್ಚುಗಲ್‌ನ ಒಂದು ಮೀನುಗಾರರ ಊರಿನವರು. ಹರೆಯದಲ್ಲಿ ಇಲ್ಲಿಗೆ ಬಂದು, ನಿವೃತ್ತಿಯವರೆಗೂ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತವರು. ಊಟದ ಬಿಡುವಿನಲ್ಲಿ ಪದ್ಯ ಬರೆಯುತ್ತಿದ್ದರು, ಪಾಳಿ ಚೀಟಿಗಳ ಹಿಂಬದಿಯಲ್ಲಿ. ಭಾನುವಾರ ಅವನ್ನು ನೋಟ್‌ಬುಕ್ಕಿಗೆ ಇಳಿಸಿ ಹೆಂಡತಿಗೆ ಓದಿ ಹೇಳುತ್ತಿದ್ದರಂತೆ; ಆಕೆಯೂ ತೀರಿಹೋಗಿದ್ದರು. ಊರಿನ ಪತ್ರಿಕೆಗೆ ಕಳಿಸಿದ್ದಕ್ಕೆ ಉತ್ತರವೇ ಬರಲಿಲ್ಲ. "ಸಾಯುವ ಮೊದಲು ಒಮ್ಮೆ ನನ್ನ ಹೆಸರನ್ನು ಅಚ್ಚಿನಲ್ಲಿ ನೋಡಬೇಕು. ಯಾವ ಭಾಷೆಯಾದರೂ ಸರಿ" ಎಂದರು. ನನ್ನ ಭಾಷೆಯಲ್ಲಿ ನಾನು ಮಾಡಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಆ ಚಳಿಗಾಲವಿಡೀ ಶನಿವಾರಗಳು ಅದಕ್ಕೇ ಹೋದವು. ಅವರು ಮೇಜು ತಟ್ಟುತ್ತಾ ಪೋರ್ಚುಗೀಸಿನಲ್ಲಿ ಓದುವುದು, ಜರ್ಮನ್‌ನಲ್ಲಿ ಬಿಡಿಸಿ ಹೇಳುವುದು, ನಾನು ಕನ್ನಡದಲ್ಲಿ ಬರೆಯುವುದು. ಅವರದ್ದು ಕಾರ್ಖಾನೆಯ ಜರ್ಮನ್, ನನ್ನದು ಆಫೀಸಿನದ್ದು. ಎರಡರಲ್ಲೂ ಪದ್ಯಕ್ಕೆ ಬೇಕಾದ ಮಾತು ಕಮ್ಮಿ. ಒಂದು ಪದ್ಯದಲ್ಲಿ ಮೀನಿಗೆ ಉಪ್ಪು ಹಚ್ಚುತ್ತಿದ್ದ ತಾಯಿ, ಕೈ ಕೂಡ ತೊಳೆಯದೆ ಸ್ಟೇಷನ್ನಿಗೆ ಓಡಿಬಂದು ಮಗನ ಕೆನ್ನೆ ಮುಟ್ಟುತ್ತಾಳೆ. ಎರಡು ಗಡಿ ದಾಟಿದರೂ ಮಗ ಮುಖ ತೊಳೆಯುವುದಿಲ್ಲ. ಅದೊಂದಕ್ಕೇ ಮೂರು ಶನಿವಾರ ಹಿಡಿಯಿತು.

ನಮ್ಮ ಕನ್ನಡ ಬಳಗದ ರಾಜ್ಯೋತ್ಸವ ಸಂಚಿಕೆಗೆ ಧಾರವಾಡದ ಕಡೆಯವರೊಬ್ಬರು ಸಂಪಾದಕರು. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ನನ್ನ ಬಾಣಂತನಕ್ಕೆ ಬರಲು ಅಮ್ಮನಿಗೆ ವೀಸಾ ಸಿಗದಾಗ, ಡಬ್ಬಿ ತುಂಬ ಅಂಟಿನುಂಡೆ ಹೊತ್ತು ಮೂರು ಮಹಡಿ ಹತ್ತಿ ಬಂದವರು ಅವರು. ಉಪ್ಪಿನ ಪದ್ಯವನ್ನು, ಕೆಳಗೆ ಕವಿಯ ಹೆಸರು ಬರೆದು, ಅವರಿಗೆ ಕಳಿಸಿದೆ. "ಭಾಳ ಚಲೋ ಆಗೇತಿ ತಂಗಿ" ಎಂದು ಹೊಗಳಿ, ಎರಡು ಕಾಗುಣಿತ ತಿದ್ದಿದರು.

ನವೆಂಬರಿನಲ್ಲಿ, ರಾಜ್ಯೋತ್ಸವದ ದಿನ ಸಂಚಿಕೆ ಕೈಗೆ ಬಂತು. ಪದ್ಯ ಇತ್ತು, ಪೂರ್ತಿ ಪುಟ. ಕೆಳಗೆ ಅಣ್ಣನ ಹೆಸರು.

ಊಟದ ಪಾತ್ರೆಗಳ ಹಿಂದೆ ಅವರನ್ನು ತಡೆದು ನಿಲ್ಲಿಸಿದೆ. "ಇದೆಂತದು ಅಣ್ಣ?"

"ಸಿಟ್ಟಾಗಬ್ಯಾಡವಾ. ಅನುವಾದ ಅಂದ್ರ ನಮ್ಮ ಮಂದಿ ಹಾಳಿ ತಿರುವಿ ಹೋಗ್ತಾರ. ತಿದ್ದಿದಾಂವ ನಾನ ಅಲ್ಲೇನು?"

"ಎರಡು ಕಾಗುಣಿತಕ್ಕೆ ಪದ್ಯವೇ ನಿಮ್ಮದಾಯ್ತಾ? ಅವರಿಗೆ ನಾನು ಎಂತ ಹೇಳ್ಲಿ?"

"ಆ ಮುದುಕಗ ಕನ್ನಡ ಓದಾಕ ಬರತೈತೇನು? ಏನೂ ತಿಳಿಯಂಗಿಲ್ಲ, ಬಿಡು."

ಅಷ್ಟರಲ್ಲಿ ವೇದಿಕೆಯಿಂದ ಅಣ್ಣನನ್ನೇ ಕರೆದರು. ಶಾಲು ಹೊದಿಸಿದರು, ಸಭೆ ಚಪ್ಪಾಳೆ ತಟ್ಟಿತು. ನಿಂತಲ್ಲಿಂದಲೇ ಕೂಗಿಬಿಡಬೇಕು ಅಂದುಕೊಂಡೆ. ಆ ಹಾಳು ಅಂಟಿನುಂಡೆ ನೆನಪಾಗಿ ಬಾಯಿ ಕಟ್ಟಿತು. ಸ್ವಂತ ಅಣ್ಣನಾಗಿದ್ದರೂ ಇಷ್ಟು ನಂಬುತ್ತಿರಲಿಲ್ಲವೇನೋ. ಆ ದಿನದ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮರುದಿನ ಬೆಳಿಗ್ಗೆಯೇ ಕೆಳಗಿನ ಮನೆಯವರು ಬಂದರು, ಇಸ್ತ್ರಿ ಹಾಕಿದ ಅಂಗಿ ತೊಟ್ಟು. ಪುಟ ಬಿಡಿಸಿ ಕೊಟ್ಟೆ. ಕನ್ನಡಕ ಏರಿಸಿಕೊಂಡು ಮೇಲಿಂದ ಕೆಳಗೆ ನೋಡಿದರು. "ನನ್ನ ಹೆಸರು ಎಲ್ಲಿದೆ?" ಎಂದು ಕೇಳಿದರು. ನಿಜ ಹೇಳುವುದೆಂದೇ ಬಾಯಿ ತೆರೆದಿದ್ದೆ. ಅವರ ಬೆರಳು ಪುಟದ ಮೇಲೆ ಕಾಯುತ್ತಿತ್ತು. ಆ ಬೆರಳನ್ನು ಹಿಡಿದು ಅಣ್ಣನ ಹೆಸರಿನ ಮೇಲಿಟ್ಟೆ. "ಇಲ್ಲಿ" ಎಂದೆ. ಅವರು ಆ ಅಕ್ಷರಗಳನ್ನು ಮೆಲ್ಲಗೆ ಸವರಿದರು. ಅಣ್ಣ ಹೇಳಿದ ಹಾಗೆಯೇ ಅವರಿಗೆ ಏನೂ ತಿಳಿಯಲಿಲ್ಲ.

ವಸಂತದಲ್ಲಿ ಅವರ ಮಗಳು ಬಂದು ಅವರನ್ನು ಊರಿಗೆ ಕರೆದೊಯ್ದಳು. ಹೊರಡುವ ಮುನ್ನ ಪದ್ಯಗಳ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟರು. ರಟ್ಟಿನ ಮೇಲೆ ಬಾಲ್‌ಪೆನ್ನಿನಲ್ಲಿ ಒತ್ತಿ ಒತ್ತಿ ಬರೆದ ಕನ್ನಡ ಅಕ್ಷರಗಳಿದ್ದವು. ಸಂಚಿಕೆ ನೋಡಿಕೊಂಡು ಚಳಿಗಾಲವೆಲ್ಲ ತಿದ್ದಿ ಕಲಿತರಂತೆ. ಅಣ್ಣನ ಹೆಸರು.

"ನನ್ನ ಹೆಸರು ಸರಿಯಾಗಿ ಬರೆದಿದ್ದೇನಾ?" ಎಂದು ಕೇಳಿದರು.

"ಒಂದು ತಪ್ಪೂ ಇಲ್ಲ" ಎಂದೆ.