ಸನ್ಮಾನದ ಗುಂಡಿಗಳು

ಜನವರಿಯ ಕೊನೆಯ ಭಾನುವಾರ, ಬೆಳಿಗ್ಗೆ ಆರು ಗಂಟೆ, ಕುರುಗೋಡಿನ ಶಾಲಾ ಮೈದಾನ. ಹಾಜರಿದ್ದವರು ನಾನು, ನನ್ನ ಹಾಕಿ ಹುಡುಗಿಯರು, ಮೋಕದಿಂದ ಬಂದ ಪೆಂಡಾಲಿನವನು, ಅವನ ಆಳುಗಳು ಮತ್ತು ಸನ್ಮಾನ ಸಮಿತಿಯ ಅಧ್ಯಕ್ಷರು. ಅಧ್ಯಕ್ಷರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮೈದಾನದ ನಟ್ಟನಡುವೆ ನಿಂತಿದ್ದರು. ಅವರ ಬೆರಳು ತೋರಿದಲ್ಲೆಲ್ಲ ಹಾರೆ ಬೀಳುತ್ತಿತ್ತು.

ಆ ಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿಯಾಗಿದ್ದವಳು. ನಿವೃತ್ತಿಯಾದ ಮೇಲೆ ಬಳ್ಳಾರಿಯ ಗಾಂಧಿನಗರದಲ್ಲಿ ಮನೆ ಮಾಡಿದರೂ ಭಾನುವಾರದ ಮೊದಲ ಬಸ್ಸು ಹಿಡಿದು ಕುರುಗೋಡಿಗೆ ಬರುವುದನ್ನು ಬಿಟ್ಟಿರಲಿಲ್ಲ. ನಾನು ಬೆಳೆದದ್ದು ಕ್ರೀಡಾ ಹಾಸ್ಟೆಲಿನಲ್ಲಿ. ಸೀಟಿ ಊದಿದ ಮೇಲೂ ಹಾಸಿಗೆಯಲ್ಲಿದ್ದವಳಿಗೆ ಅಲ್ಲಿ ತಿಂಡಿ ಇರುತ್ತಿರಲಿಲ್ಲ. ಅದರಿಂದ ನನಗೆ ಒಳ್ಳೆಯದೇ ಆಯಿತು. ನನ್ನ ಹುಡುಗಿಯರಿಗೂ ಒಂದು ನಿಯಮ ಇಟ್ಟಿದ್ದೆ. ಸ್ಟಿಕ್ ಮುಟ್ಟುವ ಮೊದಲು ಎಲ್ಲರೂ ಮೈದಾನದ ಅಗಲಕ್ಕೆ ಸಾಲಾಗಿ ನಿಲ್ಲಬೇಕು, ಒಂದು ಗೋಲಿನಿಂದ ಇನ್ನೊಂದು ಗೋಲಿನವರೆಗೆ ತಲೆ ತಗ್ಗಿಸಿ ನಡೆಯಬೇಕು, ಕಾಲಿಗೆ ಸಿಕ್ಕ ಕಲ್ಲನ್ನೆಲ್ಲ ಆರಿಸಿ ಹೊರಗೆ ಹಾಕಬೇಕು. ನಮ್ಮದು ಗರಸು ಮಣ್ಣಿನ ಮೈದಾನ. ಒಂದು ಹರಳಿದ್ದರೂ ಚೆಂಡು ಹಾರಿ ಹಲ್ಲಿಗೆ ಬಡಿಯುತ್ತದೆ. ಇದಕ್ಕೆ ನಾವು ಕಲ್ಲುಸಾಲು ಎನ್ನುತ್ತಿದ್ದೆವು.

ಅಂಥ ಮೈದಾನದಲ್ಲಿ ಅಂದು ಗುಂಡಿ ತೋಡುತ್ತಿದ್ದರು.

"ಇದೇನ್ರಿ ಇದು?" ಎಂದು ಅಧ್ಯಕ್ಷರನ್ನು ಕೇಳಿದೆ.

"ಬರ್ರಿ ಮೇಡಂ, ಬರ್ರಿ. ನಿಮ್ಮ ಶಿಷ್ಯೆಗ ಸನ್ಮಾನ. ಕಲ್ಯಾಣ ಮಂಟಪದಾಗ ಇಟ್ಟಿದ್ವಿ. ಸಿರುಗುಪ್ಪದಾವ್ರು ನಿನ್ನಿ ಬಯಲಾಗ ಪೆಂಡಾಲ್ ಹಾಕಿ ಮಾಡ್ಯಾರ. ಇನ್ನ ನಾವು ಒಳಗ ಮಾಡಿದ್ರ ಊರ ಮರ್ಯಾದಿ ಉಳಿತೈತೇನ್ರಿ?"

"ನಾಳೆ ಮುಂಜಾನಿ ಇಲ್ಲಿ ಕ್ರೀಡಾ ಹಾಸ್ಟೆಲಿನ ಆಯ್ಕೆ ಐತಿ. ಹೋದ ವಾರನ ನಿಮಗ ಹೇಳೀನಿ."

"ನಾವೂ ಹಾಕಿಗೇ ಮಾಡಾಕತ್ತೀವಲ್ರಿ. ಕಬಡ್ಡಿಗೇನಲ್ಲ."

ರೋಡಿನ ಕಡೆ ನೆಟ್ಟ ಮೊದಲ ಕಂಬಗಳಿಗೆ ಆಗಲೇ ಫ್ಲೆಕ್ಸ್ ಕಟ್ಟಿದ್ದರು. ನನ್ನ ಶಿಷ್ಯೆಯ ಮುಖವನ್ನು ಯಾವಳೋ ಸ್ಟಿಕ್ ಬೀಸುವವಳ ಮೈಗೆ ಅಂಟಿಸಿ, ಕೆಳಗೆ "ಗೋಲುಗಳ ರಾಣಿ" ಎಂದು ಬರೆಸಿದ್ದರು. ಅವಳು ಗೋಲ್‌ಕೀಪರ್. ಆಟಕ್ಕಿಳಿದಂದಿನಿಂದ ಅವಳು ಒಂದೂ ಗೋಲು ಹೊಡೆದವಳಲ್ಲ. ಸಮಿತಿಯಲ್ಲಿದ್ದ ಇಷ್ಟು ಜನರಲ್ಲಿ ಒಬ್ಬನಿಗೂ ಅದು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದು ಅನಿಸಿಯೂ ಇರಲಿಲ್ಲ.

ಆಕೆ ಹುಟ್ಟಿದ್ದು ಸಿರುಗುಪ್ಪದಲ್ಲಿ, ಓದಿದ್ದು ಕುರುಗೋಡಿನಲ್ಲಿ ಅಜ್ಜಿಯ ಮನೆಯಲ್ಲಿದ್ದುಕೊಂಡು. ಶಾಲೆಯಲ್ಲಿದ್ದಾಗ ಕಾಲಿಗೆ ಕಟ್ಟುವ ಪ್ಯಾಡ್ ಬೇಕೆಂದು ಎರಡೂ ಊರಿನವರನ್ನು ಕೇಳಿದ್ದೆ. ಸಿರುಗುಪ್ಪದವರು ಅವಳು ಕುರುಗೋಡಿನವಳು ಎಂದರು, ಕುರುಗೋಡಿನವರು ಸಿರುಗುಪ್ಪದವಳು ಎಂದರು. ಈಗ ಅವಳ ಮುಖ ಟಿ.ವಿ.ಯಲ್ಲಿ ಬಂದದ್ದೇ ತಡ, ಎರಡೂ ಊರು ತಮ್ಮ ಮಗಳು ಎನ್ನತೊಡಗಿದವು.

ಆ ವರ್ಷದ ರಾಷ್ಟ್ರೀಯ ಮಹಿಳಾ ಹಾಕಿ ಲೀಗನ್ನು ನಾನು ಒಂದು ಪಂದ್ಯವನ್ನೂ ಬಿಡದೆ ನೋಡಿದೆ. ಮೆಚ್ಚಿ ನೋಡಿದೆನೆಂದಲ್ಲ. ಮೊದಲು ಹರಾಜು. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವವರಂತೆ ಮೇಜಿನ ಸುತ್ತ ಕೂತವರು ಆಟಗಾರ್ತಿಯರನ್ನು ಕೊಂಡರು. ಆಮೇಲೆ ಪೆನಾಲ್ಟಿ ಕಾರ್ನರ್ ಸಿಕ್ಕಾಗಲೆಲ್ಲ ಡೋಲಿನ ಸದ್ದು. ಚೆಂಡು ಎಲ್ಲಿದೆಯೆಂದು ನೋಡುವಷ್ಟರಲ್ಲಿ ಕ್ಯಾಮೆರಾ ತಂಡದ ಮಾಲೀಕರ ಮುಖಕ್ಕೆ ಓಡುತ್ತಿತ್ತು. ಗ್ಯಾಲರಿ ಅರ್ಧ ಖಾಲಿ. ಉಳಿದರ್ಧಕ್ಕೆ ಯಾರೋ ಒಂದೇ ಬಣ್ಣದ ಟೋಪಿ ಹಂಚಿ ಕೂರಿಸಿದ್ದರು. ಇವೆಲ್ಲದರ ಹಿಂದೆ ಬೆಂಚಿನ ತುದಿಯಲ್ಲಿ ನನ್ನ ಹುಡುಗಿ ಪ್ಯಾಡ್ ಕಟ್ಟಿಕೊಂಡು ಕೂತಿರುತ್ತಿದ್ದಳು. ಲೀಗ್ ಮುಗಿಯುತ್ತ ಬಂದಾಗ ಮೊದಲ ಕೀಪರಿಗೆ ಮಂಡಿ ನೋವಾಗಿ, ಇವಳಿಗೆ ಒಂದು ಪಂದ್ಯದ ಕೊನೆಯ ಕ್ವಾರ್ಟರ್ ಸಿಕ್ಕಿತು. ಒಂದು ಹೊಡೆತಕ್ಕೆ ಅವಳು ಅಡ್ಡ ಮಲಗಿ, ಸ್ಟಿಕ್ಕನ್ನು ನೆಲದುದ್ದ ಚಾಚಿ ಚೆಂಡನ್ನು ತಡೆದಳು. ಗೋಲು ಬಿಡಲಿಲ್ಲ. ಅವಳ ಇಡೀ ಸೀಸನ್ ಎಂದರೆ ಅಷ್ಟೇ. ಆ ಮಲಗಿದ ತುಣುಕು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ ಅಧ್ಯಕ್ಷರಿಗೂ ತಲುಪಿತ್ತು.

"ಪಾಪ, ಕಾಲು ಜಾರಿ ಬಿದ್ದಿದ್ಲು," ಎಂದರು ಅವರು ನನಗೆ. "ಆದ್ರೂ ಎದ್ದು ಆಡಿದ್ಲು ನೋಡ್ರಿ."

ನಾನು ಬಳ್ಳಾರಿಯ ಆಯ್ಕೆ ಅಧಿಕಾರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟೇ. "ಸಂಜಿ ಒಳಗ ಮೈದಾನ ಸರಿ ಮಾಡಿ ಫೋಟೋ ಕಳಿಸ್ರಿ. ಇಲ್ಲಾಂದ್ರ ಮುಂದಿನ ತಿಂಗಳು ಸಿರುಗುಪ್ಪದಾಗ ಇಡ್ತೀವಿ."

ಬೇರೆ ಹುಡುಗಿಯರಿಗೆ ಒಂದು ತಿಂಗಳು ತಡವಾದರೆ ನಷ್ಟವಿರಲಿಲ್ಲ. ಆ ವರ್ಷ ನಮ್ಮ ಗೋಲು ಕಾಯುತ್ತಿದ್ದವಳಿಗೆ ಮಾತ್ರ ಇತ್ತು. ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. ಮಾತು ಕಡಿಮೆಯ ಹುಡುಗಿ, ಉದ್ದ ಕೈ, ಎದುರು ಬಂದವರಿಗೆ ಹೆದರುತ್ತಿರಲಿಲ್ಲ.

"ಮುಂದಿನ ತಿಂಗಳಾದ್ರ ನನ್ನ ವಯಸ್ಸು ದಾಟ್ತೈತ್ರಿ ಮೇಡಂ," ಎಂದಳು.

"ನಂಗ ಗೊತ್ತೈತಿ. ಹೋಗಿ ತಿಂಡಿ ತಿನ್ನು."

ಸನ್ಮಾನ ಹತ್ತಕ್ಕೆಂದು ಅಚ್ಚು ಹಾಕಿಸಿದ್ದರು. ಮುಖ್ಯ ಅತಿಥಿಗಳು ಬಂದಾಗ ಬಿಸಿಲು ನೆತ್ತಿ ದಾಟಿತ್ತು. ಮೊದಲು ಮಾತನಾಡಿದವರು ಕುರುಗೋಡಿನ ಕೀರ್ತಿಯನ್ನು, ಎರಡನೆಯವರು ತಮ್ಮ ಕೀರ್ತಿಯನ್ನು ಹೇಳಿಕೊಂಡರು. ಮೂರನೆಯವರು "ಬ್ಯಾಟು ಹಿಡಿದು ನಾಡಿನ ಹೆಸರು ಬೆಳಗಿದ ತಂಗಿ" ಎಂದಾಗ ಹಿಂದಿನ ಸಾಲಿನಲ್ಲಿದ್ದ ನನ್ನ ಹುಡುಗಿಯರು ಕಿಸಕ್ಕೆಂದರು. ನಾನು ತಿರುಗಿ ನೋಡಿದೆ, ಗದರಿಸಲಿಲ್ಲ. ವೇದಿಕೆಯ ಮೇಲೆ ಶಿಷ್ಯೆಗೆ ಶಾಲಿನ ಮೇಲೆ ಶಾಲು ಹೊದಿಸಿದರು, ಪೇಟ ಇಟ್ಟರು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಕೂರಿಸಿದರು. ಹಾರದೊಳಗಿಂದ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ಪೆಂಡಾಲಿನ ಕಂಬಗಳ ಬುಡವನ್ನು ಒಂದೊಂದಾಗಿ ನೋಡುತ್ತಿತ್ತು. ಕೀಪರುಗಳ ಅಭ್ಯಾಸ ಅದು, ಚೆಂಡು ಎಲ್ಲಿಂದ ಬಂದೀತೆಂದು ಅಳೆಯುವುದು.

ಕೊನೆಗೆ ಮೈಕು ಅವಳ ಕೈಗೆ ಬಂತು.

"ಎಲ್ಲರಿಗೂ ನಮಸ್ಕಾರ. ನಾಳೆ ಮುಂಜಾನಿ ಏಳಕ್ಕ ಇಲ್ಲಿ ಆಯ್ಕೆ ಐತಿ. ಕಂಬ ಕಿತ್ತು ಗುಂಡಿ ಮುಚ್ಚಬೇಕು. ಬರೋರು ಬರ್ರಿ," ಎಂದು ಮೈಕು ಕೊಟ್ಟುಬಿಟ್ಟಳು.

ಚಪ್ಪಾಳೆ ಜೋರಾಗಿಯೇ ಬಿತ್ತು. ಆಮೇಲೆ ಜನರೆಲ್ಲ ಎದ್ದು ಶಾಲೆಯ ಜಗಲಿಯ ಕಡೆ ನಡೆದರು. ಅಲ್ಲಿ ಗೋಧಿ ಹುಗ್ಗಿ, ಮಿರ್ಚಿ, ಚಿತ್ರಾನ್ನ. ಒಂದು ಕ್ರೀಡೆಗಾಗಿ ಇಷ್ಟು ಜನ ಇಷ್ಟು ಚುರುಕಾಗಿ ಓಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಕೆ ಕೆಳಗಿಳಿದು ಬಂದು ನನ್ನ ಪಾದ ಮುಟ್ಟಿದಳು.

"ಸಾಕು ಏಳು. ಆ ಕುರ್ಚಿ ಹೆಂಗಿತ್ತು?"

"ಬೆಂಚಿಗಿಂತ ಮೆತ್ತಗಿತ್ರಿ ಮೇಡಂ. ಕೆಲಸ ಅಷ್ಟ, ಸುಮ್ನ ಕುಂದ್ರೋದು."

ಪೆಂಡಾಲಿನವನು ಕಂಬಕ್ಕೆ ಒರಗಿ ಬೀಡಿ ಹಚ್ಚಿದ್ದ. ಪೆಂಡಾಲು ಬಿಚ್ಚೆಂದು ಶಿಷ್ಯೆ ಹೇಳಿದರೆ ಆಗದೆಂದು ತಲೆಯಾಡಿಸಿದ. "ಅಧ್ಯಕ್ಷ್ರು ನಾಳಿ ಬಿಚ್ಚು ಅಂದಾರಕ್ಕ. ಫ್ಲೆಕ್ಸು ಒಂದಿನ ಆದ್ರೂ ರೋಡಿಗೆ ಕಾಣ್ಲಿ ಅಂತ."

"ಅಣ್ಣಾ, ಈ ಪೆಂಡಾಲು ಯಾರ ಸಲುವಾಗಿ ಹಾಕಿದ್ದು?"

"ನಿಮ್ಮ ಸಲುವಾಗ್ಯ."

"ಹಂಗಾರ ನಾನ ಹೇಳಾಕತ್ತೀನಿ. ಬಿಚ್ಚು."

ಅವನು ಅವಳ ತಲೆಯ ಮೇಲಿದ್ದ ಪೇಟವನ್ನು ಒಮ್ಮೆ ನೋಡಿದ, ಬೀಡಿಯನ್ನು ಹೊಸಕಿದ. "ಏಳ್ರಲೇ," ಎಂದ ಆಳುಗಳಿಗೆ. ಆ ಪೇಟದಿಂದ ಆ ದಿನ ಆದ ಉಪಯೋಗ ಅದೊಂದೇ.

ಆಳುಗಳು ಕಂಬ ಕಿತ್ತಂತೆ ಹುಡುಗಿಯರು ಗುಂಡಿಗೆ ಗರಸು ತುಂಬಿದರು, ಕೊಡದಲ್ಲಿ ನೀರು ತಂದು ಹನಿಸಿದರು. ಶಾಲೆಯ ಉಗ್ರಾಣದಲ್ಲಿ ನೆಲ ಬಡಿಯುವ ಹಳೆಯ ದಿಮ್ಮಸು ಒಂದಿತ್ತು. ನನ್ನ ಶಿಷ್ಯೆ ಶಾಲುಗಳನ್ನು ಗೋಲಿನ ಕಂಬಕ್ಕೆ ನೇತುಹಾಕಿ, ಸೆರಗು ಸಿಕ್ಕಿಸಿ ಬಡಿಯತೊಡಗಿದಳು.

ಅಧ್ಯಕ್ಷರು ಹಲ್ಲು ಕಡ್ಡಿ ಹಿಡಿದು ಊಟದಿಂದ ಬಂದರು. ಪೆಂಡಾಲು ಹೋದದ್ದನ್ನು ಕಂಡು ಮುಖ ಸಿಂಡರಿಸಿದರು. ಅವಳ ಕೈಯಲ್ಲಿ ದಿಮ್ಮಸು ಕಂಡದ್ದೇ ಮುಖ ಮತ್ತೆ ಅರಳಿತು.

"ಲೇ, ಮೊಬೈಲ್ ತಗೀ. ಎಂಥಾ ಚಲೋ ಫೋಟೋ ಆಗ್ತೈತಿ."

"ನೀವು ಹಿಡೀರಿ ಸಾರ್," ಎಂದು ಅವಳು ದಿಮ್ಮಸನ್ನು ಅವರ ಕೈಗಿಟ್ಟಳು. "ಇನ್ನೂ ಚಲೋ ಆಗ್ತೈತಿ."

ಅಧ್ಯಕ್ಷರು ಕ್ಯಾಮೆರಾ ನೋಡುತ್ತ ಒಂದು ಏಟು ಹಾಕಿದರು. ಫೋಟೋ ಸರಿ ಬಂದಿದೆಯೇ ಎಂದು ನೋಡಿಕೊಂಡು ಹೊರಟುಹೋದರು.

ನಂತರ ಕಲ್ಲುಸಾಲು. ಶಿಷ್ಯೆ ತನ್ನ ಹಳೆಯ ಜಾಗದಲ್ಲಿ, ಎಡತುದಿಯಲ್ಲಿ ನಿಂತಳು. ಯಾರೂ ಹೇಳಿರಲಿಲ್ಲ. ಹುಡುಗಿಯರು ಕಲ್ಲು ಮಾತ್ರವಲ್ಲ, ಮೊಳೆ, ಹಗ್ಗದ ತುಂಡು, ಒಂದು ಪಿಂಗಾಣಿ ಬಟ್ಟಲಿನ ಚೂರು ಆರಿಸಿದರು.

ಗೋಲಿನಲ್ಲಿ ನಿಲ್ಲಲು ಹಮಾಲಿಯ ಮಗಳನ್ನು ಕಳಿಸಿದೆ. ಶಿಷ್ಯೆ ಮುಚ್ಚಿದ ಗುಂಡಿಗಳ ಮೇಲೆ ಹಾಯುವಂತೆ ಚೆಂಡು ಹೊಡೆದಳು. ಎಲ್ಲವೂ ನೆಲ ಹಿಡಿದು ಬಂದವು, ಒಂದನ್ನು ಬಿಟ್ಟು. ಅದು ಪುಟಿದು ಹುಡುಗಿಯ ಭುಜ ಸವರಿ ಹೋಯಿತು. ಅಧ್ಯಕ್ಷರು ಬಡಿದ ಗುಂಡಿಯೇ ಅದು. ಅದನ್ನು ಬಗೆದು ಮತ್ತೆ ತುಂಬಿ ಬಡಿದೆವು. ಈ ಸಲ ಚೆಂಡು ಅದರ ಮೇಲೆ ನೇರವಾಗಿ ಹರಿದು ಬಂತು. ಹುಡುಗಿ ಅಡ್ಡ ಮಲಗಿ, ಸ್ಟಿಕ್ಕನ್ನು ನೆಲದುದ್ದ ಚಾಚಿ ತಡೆದಳು. ಅದನ್ನು ಅವಳಿಗೆ ನಾನು ಕಲಿಸಿರಲಿಲ್ಲ. ಮೊಬೈಲಿನ ಆ ತುಣುಕನ್ನು ಊರೆಲ್ಲ ನೋಡಿ, ಜಾರಿ ಬಿದ್ದಳು ಎಂದಿತ್ತು. ಇವಳೊಬ್ಬಳು ಕಲಿತಿದ್ದಳು.

"ಯಾರು ಹೇಳಿಕೊಟ್ರು?" ಎಂದಳು ಶಿಷ್ಯೆ.

"ನೀವ್ರೀ ಅಕ್ಕ."

ಅವಳು ಹುಡುಗಿಯ ಹತ್ತಿರ ಹೋಗಿ, ಮೊಣಕೈ ಇನ್ನಷ್ಟು ಮುಂದೆ ಚಾಚುವಂತೆ ತಿದ್ದಿದಳು.

ಬಿಸಿಲಿರುವಾಗಲೇ ಫೋಟೋ ಕಳಿಸಿದೆ. "ಏಳಕ್ಕ ಬರ್ತೀವಿ" ಎಂದು ಉತ್ತರ ಬಂತು. ಹುಡುಗಿಯರಿಗೆ ಓದಿ ಹೇಳಿದೆ, ಕುಣಿಯಲು ಬಿಡಲಿಲ್ಲ. ಗೆರೆಗಳೆಲ್ಲ ಅಳಿಸಿಹೋಗಿದ್ದವು. ಹಗ್ಗ ಹಿಡಿದು, ಡಬ್ಬಿಯಿಂದ ಸುಣ್ಣ ಸುರಿದು ಗೋಲುಗಳ ಮುಂದಿನ ಅರ್ಧವೃತ್ತ, ಎರಡೂ ಡಿ ಬರೆದೆವು, ಆಮೇಲೆ ಅಂಚಿನ ಗೆರೆಗಳನ್ನು. ಎಲ್ಲರನ್ನೂ ಮನೆಗೆ ಕಳಿಸಿ, ಸುಣ್ಣದ ಡಬ್ಬಿ ತೊಳೆದು ಉಗ್ರಾಣದಲ್ಲಿ ಬೋರಲು ಹಾಕಿದೆ.