ನೂರಾ ಹದಿನೇಳನೇ ಮೊಳೆ

ಅಮೆರಿಕದ ಬೆಟ್ಟಸೀಮೆಯ ಬ್ಲ್ಯಾಕ್‌ಹಾ ಹಳ್ಳದ ಕಲ್ಲಿದ್ದಲು ಗಣಿಯಲ್ಲಿ ಮನುಷ್ಯರ ಲೆಕ್ಕ ಇದ್ದದ್ದು ಬಾಗಿಲ ಪಕ್ಕದ ಒಂದು ಮರದ ಹಲಗೆಯ ಮೇಲೆ. ಒಳಗೆ ಹೋಗುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ತನ್ನ ಮೊಳೆಗೆ ತೂಗುಹಾಕಬೇಕು. ಹೊರಗೆ ಬಂದ ಮೇಲೆ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಮೊಳೆಯಲ್ಲಿ ಬಿಲ್ಲೆ ಇದೆಯೆಂದರೆ ಬೆಟ್ಟದ ಹೊಟ್ಟೆಯೊಳಗೆ ಒಂದು ಜೀವ ಇದೆ ಎಂದೇ ಅರ್ಥ. ಯಾರ ಬಿಲ್ಲೆಯನ್ನು ಅವರೇ ಮುಟ್ಟಬೇಕು. ಅಣ್ಣನದನ್ನು ತಮ್ಮನೂ ಮುಟ್ಟುವಂತಿಲ್ಲ. ಶನಿವಾರ ಕುಡಿದು ಒಬ್ಬರ ಹಲ್ಲು ಒಬ್ಬರು ಉದುರಿಸಿಕೊಂಡವರು ಕೂಡ ಸೋಮವಾರ ಒಬ್ಬರ ಬಿಲ್ಲೆಗೆ ಒಬ್ಬರು ಕೈ ಹಾಕಿದ್ದಿಲ್ಲ.

ಡೆಲ್ಫಾ ಸ್ಟಿಲ್ಟ್‌ನರ್ ಬರುವ ತನಕ.

ಅವಳು ಬಂದದ್ದು ೧೯೭೯ರ ಮಾರ್ಚಿನಲ್ಲಿ, ಹಿಮ ಕರಗಿ ಗಣಿಯ ದಾರಿಯೆಲ್ಲ ಕೆಸರಾಗಿದ್ದಾಗ. ಮೂವತ್ನಾಲ್ಕು ವರ್ಷ, ಇಬ್ಬರು ಹೆಣ್ಣುಮಕ್ಕಳು. ಗಂಡ ಓಹಾಯೋದ ಕಾರು ಕಾರ್ಖಾನೆಗೆ ಹೋದವನು ಎರಡು ಕಾಗದ ಬರೆದು ಸುಮ್ಮನಾಗಿದ್ದ. ಆರು ವರ್ಷ ಶಾಲೆಯ ಅಡುಗೆಮನೆಯಲ್ಲಿ ಹುರುಳಿಕಾಯಿಯ ಬೀಜ ಬೇಯಿಸಿ ಅವಳ ಕೈ ಸುಕ್ಕಾಗಿತ್ತು; ಆ ಸಂಬಳದಲ್ಲಿ ಒಬ್ಬಳಿಗೆ ಬೂಟು ಕೊಂಡರೆ ಇನ್ನೊಬ್ಬಳು ಬರಿಗಾಲು. ಅಷ್ಟರಲ್ಲಿ ಎಲ್ಲೋ ಕೆಲವು ಹೆಂಗಸರು ಕೋರ್ಟಿಗೆ ಹೋದರು, ವಾಷಿಂಗ್ಟನ್ನಿನಿಂದ ಆರ್ಡರು ಬಂತು, ಗಣಿಗಳಲ್ಲಿ ಹೆಂಗಸರಿಗೂ ಕೆಲಸ ಕೊಡಬೇಕೆಂದು. ಕೇಳಿದವರಿಗೆ ತೋರಿಸಲು ಒಬ್ಬಳು ಇರಲಿ ಎಂದು ಕಂಪನಿ ಒಬ್ಬಳನ್ನು ತೆಗೆದುಕೊಂಡಿತು. ಅವಳ ನಂಬರು ನೂರಾ ಹದಿನೇಳು.

ಅವಳ ಅಪ್ಪ ಓರ್ವಿಲ್ ಮೂವತ್ತೊಂದು ವರ್ಷ ಅದೇ ಗಣಿಯಲ್ಲಿ ದುಡಿದವನು. ಈಗ ಪುಪ್ಪುಸದ ತುಂಬ ಕಲ್ಲಿದ್ದಲ ಧೂಳು ತುಂಬಿಕೊಂಡು, ಅವಳ ಮನೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಒಂದೊಂದು ಉಸಿರನ್ನೂ ಸಾಲ ತಂದವನಂತೆ ಎಳೆಯುತ್ತಿದ್ದ.

“ಹೆಂಗಸು ಕಾಲಿಟ್ಟ ಗಣೀಲಿ ಹೆಣ ಬೀಳುತ್ತೆ,” ಎಂದ. “ನಮ್ಮ ಕಾಲದಲ್ಲಿ ಬಾಗಿಲ ಹತ್ರ ಹೆಂಗಸು ಸುಳಿದ್ರೆ ಪೂರಾ ಪಾಳಿ ಮನೆಗೆ ವಾಪಸ್ ಹೋಗ್ತಿತ್ತು. ನೀನು ಒಳಗೇ ಹೋಗ್ತೀನಿ ಅಂತೀಯ.”

“ಮಕ್ಕಳಿಗೆ ಬೂಟು ಯಾರು ತರ್ತಾರಪ್ಪ? ನಿಮ್ಮ ಕಾಲವಾ?”

ಅವನು ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಮರುದಿನದಿಂದ ಅವಳು ಮಸಿ ಮುಖದಲ್ಲಿ ಮನೆಗೆ ಬರುವ ಹೊತ್ತಿಗೆ ಆ ಕುರ್ಚಿಯ ಬೆನ್ನು ಮಾತ್ರ ಕಾಣುತ್ತಿತ್ತು.

ಚರ್ಚಿನಲ್ಲಿ ಅವಳು ಕೂತ ಬೆಂಚು ಖಾಲಿಯಾಯಿತು. ವರ್ಲಿನ್ ಎಂಬ ಗಣಿಯಾಳಿನ ಹೆಂಡತಿ ಜಿನೀವಾ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ನನ್ನ ಗಂಡನ ಜೊತೆ ಕತ್ತಲಲ್ಲಿ ಎಂಟು ಗಂಟೆ ಇರೋಳ ಪಕ್ಕ ಕೂತು ನಾನು ದೇವರನ್ನ ಕರೆಯಲ್ಲ.”

“ನಿನ್ನ ಗಂಡನ್ನ ಬೆಳಕಲ್ಲೇ ನೋಡಿದೀನಿ ಕಣೇ ಜಿನೀವಾ,” ಎಂದಳು ಡೆಲ್ಫಾ. “ಕತ್ತಲಲ್ಲಿ ಅದಕ್ಕಿಂತ ಚೆನ್ನಾಗೇನೂ ಕಾಣಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ನಗೆಯ ಬಡ್ಡಿಯನ್ನು ವರ್ಲಿನ್ ಗಣಿಯೊಳಗೆ ವಸೂಲು ಮಾಡಿದ.

ಹೊಸದಾಗಿ ಸೇರಿದವರಿಗೆ ಕೆಂಪು ಟೋಪಿ. ತೊಂಬತ್ತು ದಿನ ಪಾಳಿ ಮುಗಿಸಿದರೆ ಕರಿ ಟೋಪಿ, ಅಂದರೆ ಕೆಲಸ ಖಾಯಂ, ಯೂನಿಯನ್ನಿನ ರಕ್ಷಣೆ, ಆಸ್ಪತ್ರೆಯ ಕಾರ್ಡು. ಅದಕ್ಕೆ ಮುಂಚೆ ಮೇಸ್ತ್ರಿ ಹೋಬರ್ಟ್‌ಗೆ ಬೇಡವೆನಿಸಿದರೆ ಸಾಕು, ಮನೆಗೆ. ಆ ತೊಂಬತ್ತು ದಿನಗಳನ್ನು ಡೆಲ್ಫಾ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದೊಂದಾಗಿ ಗೀಚುತ್ತ ಬಂದಳು.

ಕಲ್ಲಿದ್ದಲಿನ ಪದರ ಅಲ್ಲಿ ಮೂರೂವರೆ ಅಡಿ. ಅಷ್ಟೇ ಎತ್ತರದಲ್ಲಿ ದಿನವಿಡೀ ಬಗ್ಗಿಕೊಂಡೇ ಇರಬೇಕು. ಸುಣ್ಣಕಲ್ಲಿನ ಪುಡಿಯ ಚೀಲಗಳನ್ನು ಎಳೆದೊಯ್ದು, ಬೆಂಕಿ ಹರಡದ ಹಾಗೆ ಗೋಡೆಗೆಲ್ಲ ಎರಚುವುದು ಅವಳ ಕೆಲಸ. ಗಂಡಸರು ಇಬ್ಬಿಬ್ಬರು ಮಾಡುತ್ತಿದ್ದದ್ದನ್ನು ಅವಳೊಬ್ಬಳಿಗೇ ಹಚ್ಚಿದರು. ಊಟದ ಡಬ್ಬಿ ತೆರೆದರೆ ಮೆಕ್ಕೆಜೋಳದ ರೊಟ್ಟಿಯ ಮೇಲೆ ತಂಬಾಕಿನ ಉಗುಳು. ಅವಳು ಬಾಗಿದಾಗೆಲ್ಲ ಸಿಳ್ಳೆ.

“ಅಡುಗೆಮನೆ ಆ ಕಡೆ ಐತೆ, ಅಮ್ಮಣ್ಣಿ!”

“ವಾಷಿಂಗ್ಟನ್ನಿನ ಮುದ್ದಿನ ಮಗಳು ಕಣ್ರೋ, ದಾರಿ ಬಿಡಿ!”

ಯೂನಿಯನ್ ಸಭೆಯಲ್ಲಿ ಎಲ್ಲರೂ ಎಲ್ಲರನ್ನೂ ಸೋದರ ಎಂದು ಕರೆಯುವುದು ವಾಡಿಕೆ. ಅವಳು ಕೈ ಎತ್ತಿದರೆ “ಸೋದರ ಸ್ಟಿಲ್ಟ್‌ನರ್ ಮೀಸೆ ಬೋಳಿಸಿಕೊಂಡು ಬಂದವ್ರೆ” ಎಂದು ಕೇಕೆ ಹಾಕುತ್ತಿದ್ದರು.

ಇದನ್ನೆಲ್ಲ ಅವಳು ನುಂಗಿದಳು. ಮೂವತ್ತೊಂದನೇ ದಿನ ಪಾಳಿ ಮುಗಿಸಿ ಹೊರಗೆ ಬಂದಾಗ ನೂರಾ ಹದಿನೇಳನೇ ಮೊಳೆ ಬರಿದಾಗಿತ್ತು.

“ಬೆಳಿಗ್ಗೆ ಹಾಕಿದ್ದೆ, ಮೇಸ್ತ್ರಿ.”

“ಹಾಕಿದ್ರೆ ಇರ್ತಿತ್ತು,” ಎಂದ ಹೋಬರ್ಟ್, ಕಾಗದದಿಂದ ತಲೆ ಎತ್ತದೆ. “ಬಿಲ್ಲೆ ಕಳೆದವರ ಹೆಸರಲ್ಲಿ ಒಂದು ಚೀಟಿ. ಮೂರು ಚೀಟಿ ಆದ್ರೆ ಟೋಪಿ ಇಟ್ಟು ಹೋಗ್ತಾ ಇರು. ಕಾನೂನು ನಾನು ಮಾಡಿದ್ದಲ್ಲ ಕಣಮ್ಮ. ನಿಂಗೆ ಕಾನೂನು ಅಂದ್ರೆ ಇಷ್ಟ ಅಲ್ವಾ?”

ಅವಳಿಗೆ ಬೇರೆ ಬಿಲ್ಲೆ ಕೊಟ್ಟರು; ಐವತ್ತೆಂಟನೇ ದಿನ ಅದೂ ಹೋಗಿ ಎರಡನೇ ಚೀಟಿ, ಮತ್ತೊಂದು ಬಿಲ್ಲೆ. ಅಲ್ಲಿಂದಾಚೆಗೆ ಬಿಲ್ಲೆ ಹಾಕಿ ಒಳಗೆ ಹೋಗುವಾಗ ಅವಳು ಮೂರು ಸಲ ಹಿಂತಿರುಗಿ ನೋಡುತ್ತಿದ್ದಳು, ತೊಟ್ಟಿಲಲ್ಲಿ ಕೂಸು ಬಿಟ್ಟು ಹೋಗುವವಳ ಹಾಗೆ.

ಎಂಬತ್ತಾರನೇ ದಿನ ಬೆಳಿಗ್ಗೆ ಅವಳು ಬಿಲ್ಲೆ ತೂಗುಹಾಕುವಾಗ ವರ್ಲಿನ್ ಬೆನ್ನ ಹಿಂದೆಯೇ ನಿಂತಿದ್ದ. ಬಾಯಿ ತುಂಬ ತಂಬಾಕು, ಬಾಯಂಚಲ್ಲಿ ನಗು. ಬೂಟಿನ ದಾರ ಕಟ್ಟುವ ನೆಪದಲ್ಲಿ ಅವನು ಎಲ್ಲರಿಗಿಂತ ಹಿಂದೆ ಉಳಿದ.

ಆ ದಿನ ಅವಳನ್ನು ದೂರದ ಒಂದು ಅಡ್ಡ ಸುರಂಗಕ್ಕೆ ಒಬ್ಬಳನ್ನೇ ಕಳಿಸಿದ್ದರು. ಹತ್ತು ಗಂಟೆಯ ಹೊತ್ತಿಗೆ ರಬ್ಬರು ಸುಟ್ಟ ವಾಸನೆ ಬಂತು. ಆಮೇಲೆ ದೀಪದ ಬೆಳಕಿನಲ್ಲಿ ಹಾಲಿನ ಕೆನೆಯ ಹಾಗೆ ತೆಳ್ಳಗೆ ಹೊಗೆ. ಕಲ್ಲಿದ್ದಲು ಸಾಗಿಸುವ ಬೆಲ್ಟಿಗೆ ಬೆಂಕಿ ಬಿದ್ದಿತ್ತು. ಅವಳು ತೆವಳಿಕೊಂಡು ಉಳಿದವರಿದ್ದ ಜಾಗಕ್ಕೆ ಬಂದಳು. ಯಂತ್ರ ನಿಂತಿತ್ತು. ಒಂದು ಊಟದ ಡಬ್ಬಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಒಂದು ನರಪಿಳ್ಳೆಯೂ ಇರಲಿಲ್ಲ. ಫೋನು ಬಂದಿದೆ, ಎಲ್ಲರೂ ಟ್ರಾಲಿ ಹತ್ತಿ ಹೋಗಿದ್ದಾರೆ, ಅವಳನ್ನು ಯಾರೂ ಕರೆದಿಲ್ಲ.

ಮೊದಲು ಅವಳು ಕಾದಳು. ಹಾಗೇ ಕಲಿಸಿದ್ದರು. ಹೊಗೆಯಲ್ಲಿ ದಾರಿ ತಪ್ಪಬೇಡಿ. ಹಲಗೆಯ ಮೇಲೆ ಬಿಲ್ಲೆ ನೋಡಿ ಹುಡುಕಿಕೊಂಡು ಬರುತ್ತಾರೆ. ಗೋಡೆಗೆ ಒರಗಿ ಕೂತಳು. ಬರುತ್ತಾರೆ. ಉಗುಳಬಹುದು, ಸಿಳ್ಳೆ ಹಾಕಬಹುದು, ಬಿಲ್ಲೆ ತೂಗುತ್ತಿದ್ದರೆ ಮಾತ್ರ ಬಂದೇ ಬರುತ್ತಾರೆ.

ಆಗ ವರ್ಲಿನ್‌ನ ಬೂಟಿನ ದಾರ ನೆನಪಾಯಿತು.

ಕಣ್ಣಿಗೆ ಕಟ್ಟಿದ ಹಾಗೆ ಅವಳಿಗೆ ಆ ಮೊಳೆ ಕಂಡಿತು, ಬರಿ ಮೊಳೆ. ಹೊರಗೆ ಒಬ್ಬೊಬ್ಬರೂ ತಮ್ಮ ತಮ್ಮ ಬಿಲ್ಲೆ ತೆಗೆದುಕೊಂಡಾಯಿತು. ಹಲಗೆ ಖಾಲಿ. ಎಲ್ಲರೂ ಹೊರಗೆ. ಬೆಟ್ಟದೊಳಗೆ ಯಾರೂ ಇಲ್ಲ, ಅವಳೂ ಇಲ್ಲ.

ಹೊಗೆಯಲ್ಲಿ ಉಸಿರಾಡಲೆಂದು ಸೊಂಟಕ್ಕೆ ಕಟ್ಟಿಕೊಟ್ಟಿದ್ದ ಡಬ್ಬಿಯ ಕೊಳವೆಯನ್ನು ಬಾಯಲ್ಲಿ ಕಚ್ಚಿಕೊಂಡಳು. ಅವಳು ಚಿಕ್ಕವಳಿದ್ದಾಗ ಅಪ್ಪ ಊಟಕ್ಕೆ ಕೂತು ಹೇಳುತ್ತಿದ್ದ ಮಾತು ಎಲ್ಲಿಂದಲೋ ಬಂತು: “ಒಳಗೆ ಕಣ್ಣು ಸುಳ್ಳು ಹೇಳುತ್ತೆ, ಮಗಾ. ಗಾಳಿ ಸುಳ್ಳು ಹೇಳಲ್ಲ. ತಣ್ಣನೆ ಗಾಳಿ ಮುಖಕ್ಕೆ ಹೊಡೀತಾ ಇದ್ರೆ ನೀನು ಬಾಗಿಲ ಕಡೆ ಹೋಗ್ತಾ ಇದೀಯ.” ಅವಳು ಕೈಗವಸು ತೆಗೆದು, ಕೆನ್ನೆಯ ಬೆವರನ್ನು ಹಾಗೇ ಬಿಟ್ಟು, ಗಾಳಿ ಹುಡುಕಿದಳು. ಎಡಗೆನ್ನೆ ತಣ್ಣಗಾಯಿತು. ಆ ಕಡೆಗೆ ತೆವಳಿದಳು. ಮುಕ್ಕಾಲು ಮೈಲಿ. ಮೊಣಕಾಲ ಚರ್ಮ ಪ್ಯಾಂಟಿಗೆ ಅಂಟಿತು. ದಾರಿಯುದ್ದಕ್ಕೂ ಅವಳು ಪ್ರಾರ್ಥನೆ ಮಾಡಲಿಲ್ಲ. ವರ್ಲಿನ್‌ನ ಏಳು ತಲೆಮಾರನ್ನು ಹೆಸರು ಹಿಡಿದು ಮನಸ್ಸಿನಲ್ಲೇ ಬೈಯುತ್ತ ಬಂದಳು. ಬೈಗುಳ ಮುಗಿದಾಗ ಮತ್ತೆ ಮೊದಲಿಂದ.

ಹೊರಗೆ ಬಿಸಿಲಿತ್ತು. ಗಂಡಸರು ಕಾಫಿ ಕುಡಿಯುತ್ತ ನಿಂತಿದ್ದರು. ಅವಳು ಬಾಗಿಲಿಂದ ಕೈಕಾಲು ಊರಿಕೊಂಡು ಬಂದದ್ದನ್ನು ನೋಡಿ ಒಬ್ಬನ ಲೋಟ ಕೆಳಗೆ ಬಿತ್ತು. ಎಲ್ಲರೂ ಅವಳನ್ನು ನೋಡಿದರು. ವರ್ಲಿನ್ ಒಬ್ಬ ನೆಲ ನೋಡಿದ.

ಪಕ್ಕದ ಗಣಿಯಲ್ಲಿದ್ದ ಸರ್ಕಾರಿ ಇನ್‌ಸ್ಪೆಕ್ಟರ್ ಹೊಗೆಯ ಸುದ್ದಿ ಕೇಳಿ ಆಗಲೇ ಬಂದು ಜೀಪಿನಿಂದ ಇಳಿಯುತ್ತಿದ್ದ. ಹೋಬರ್ಟ್ ಓಡಿ ಬಂದು ಅವಳ ತೋಳು ಹಿಡಿದು ತಲೆದೀಪಗಳನ್ನಿಡುವ ಕೋಣೆಯ ಹಿಂದಕ್ಕೆ ಎಳೆದ.

“ಕೇಳಿಲ್ಲಿ ಡೆಲ್ಫಾ. ನೀನು ಒಳಗಿರಲಿಲ್ಲ. ಸ್ನಾನದ ಮನೇಲಿದ್ದೆ. ಹಲಗೆ ಖಾಲಿ ಇತ್ತು, ಎಲ್ಲಾ ಸರಿಯಾಗಿತ್ತು. ಹಂಗೆ ಹೇಳು ಸಾಕು. ಎರಡೂ ಚೀಟಿ ಈಗಲೇ ಹರಿದು ಹಾಕ್ತೀನಿ. ಸೋಮವಾರಕ್ಕೆ ಕರಿ ಟೋಪಿ.”

“ಇಲ್ಲ ಅಂದ್ರೆ?”

“ಹಲಗೆ ಸುಳ್ಳು ಹೇಳ್ತು ಅಂದ್ರೆ ಆತ ಗಣಿಗೆ ಬೀಗ ಹಾಕ್ತಾನೆ. ಇನ್ನೂರು ಮನೆ ಒಲೆ ಆರುತ್ತೆ. ಆಮೇಲೆ ಈ ಹಳ್ಳದಲ್ಲಿ ನಿಂಗೆ ಒಂದು ಲೋಟ ನೀರು ಕೊಡೋರು ಇರಲ್ಲ.”

“ಈಗ ಯಾರು ಕೊಡ್ತಾವ್ರೆ, ಮೇಸ್ತ್ರಿ?”

ಆದರೂ ಅವಳು ತಕ್ಷಣ ಕದಲಲಿಲ್ಲ. ನಾಲ್ಕು ದಿನ. ಗೋಡೆಯ ಮೇಲೆ ಇನ್ನು ನಾಲ್ಕೇ ಗೀಟು. ಒಂದು ಸುಳ್ಳು ಹೇಳಿದರೆ ಆ ನಾಲ್ಕೂ ಅವಳವು. ಮಕ್ಕಳಿಗೆ ಆಸ್ಪತ್ರೆಯ ಕಾರ್ಡು ಸಿಗುತ್ತದೆ. ಆಮೇಲೆ ಐದನೇ ದಿನ ಬೆಳಿಗ್ಗೆ ಅವಳು ಕರಿ ಟೋಪಿ ಹಾಕಿಕೊಂಡು ಅದೇ ಮೊಳೆಗೆ ಬಿಲ್ಲೆ ತೂಗುಹಾಕಬೇಕು, ವರ್ಲಿನ್‌ಗೆ ಬೆನ್ನು ಕೊಟ್ಟು.

ಇನ್‌ಸ್ಪೆಕ್ಟರ್ ಹಲಗೆಯ ಮುಂದೆ ನಿಂತಿದ್ದ. “ಎಲ್ಲರೂ ಹೊರಗೆ ಬಂದ್ರಾ?” ಎಂದು ಕೇಳಿದ.

“ಬಂದ್ವಿ ಸಾರ್, ಒಬ್ಬರೂ ಬಿಡದಂಗೆ,” ಎಂದ ಹೋಬರ್ಟ್.

“ನಾನು ಒಳಗಿದ್ದೆ,” ಎಂದಳು ಡೆಲ್ಫಾ. ಗಂಟಲು ಹೊಗೆಗೆ ಒಣಗಿ ದನಿ ಕಪ್ಪೆಯದಾಗಿತ್ತು. ಮತ್ತೆ ಹೇಳಿದಳು. “ನೂರಾ ಹದಿನೇಳು. ಎಲ್ಲರೂ ಹೊರಗೆ ಬಂದ ಮೇಲೂ ಒಂದು ಗಂಟೆ ಒಳಗಿದ್ದೆ. ಬೆಳಿಗ್ಗೆ ಬಿಲ್ಲೆ ಹಾಕಿದ್ದೆ. ಇದು ಮೂರನೇ ಸಲ ಹೋಗಿರೋದು. ಹಿಂದಿನ ಎರಡು ಸಲದ ಚೀಟಿ ಮೇಸ್ತ್ರಿ ಜೇಬಲ್ಲಿವೆ, ಕೇಳಿ.”

ಇನ್‌ಸ್ಪೆಕ್ಟರ್ ಕೈ ಚಾಚಿದ. ಹೋಬರ್ಟ್ ಕೊಡಲೇಬೇಕಾಯಿತು. ಅವಳನ್ನು ಓಡಿಸಲು ಬರೆದ ಚೀಟಿಗಳೇ ಅವಳ ಸಾಕ್ಷಿಯಾದವು. ಅದಾದ ಮೇಲೆ ಮೂರನೆಯದನ್ನು ಬರೆಯುವ ಧೈರ್ಯ ಯಾರಿಗಿದ್ದೀತು?

“ತೆಗೆದಿದ್ದು ಯಾರು ಅಂತ ನಿಮಗೆ ಗೊತ್ತಾ?”

ವರ್ಲಿನ್‌ನ ದವಡೆ ತಂಬಾಕು ಜಗಿಯುವುದನ್ನು ಮರೆತಿತ್ತು. ಡೆಲ್ಫಾ ಅವನನ್ನೇ ನೋಡಿದಳು, ಅವನು ನೋಡುವ ತನಕ ನೋಡಿದಳು.

“ಯೂನಿಯನ್ ಸೋದರರು,” ಎಂದಳು. “ಹೆಸರು ಹೇಳಲ್ಲ. ನಾಳೆ ಬೆಳಿಗ್ಗೆ ಬಿಲ್ಲೆ ಅದರ ಮೊಳೇಲಿ ಇರಬೇಕು.”

ಇತ್ತು. ತಂಬಾಕಿನ ವಾಸನೆ ಬರುತ್ತಿತ್ತು.

ಗಣಿ ಹನ್ನೊಂದು ದಿನ ಮುಚ್ಚಿತು. ಅವಳ ಮನೆಯ ಮುಂಬಾಗಿಲ ಗಾಜು ಎರಡು ಸಲ ಒಡೆಯಿತು. ದೊಡ್ಡ ಮಗಳು ಶಾಲೆಯಿಂದ ಕೂದಲಲ್ಲಿ ಚೂಯಿಂಗ್ ಗಮ್ ಅಂಟಿಸಿಕೊಂಡು ಬಂದಳು, ಕತ್ತರಿಸಬೇಕಾಯಿತು. ಅಪ್ಪ ಗೋಡೆ ನೋಡುತ್ತಲೇ ಕೇಳಿದ: “ಹೊಗೇಲಿ ಹೆಂಗೆ ಬಂದೆ?”

“ಗಾಳಿ ಹಿಡಿದು.”

ಅವನು ತುಂಬ ಹೊತ್ತು ಕೆಮ್ಮಿದ. ಕುರ್ಚಿ ಮಾತ್ರ ತಿರುಗಲಿಲ್ಲ. ಆ ಚಳಿಗಾಲ ಅವನು ಹಾಗೇ ಹೋದ.

ಗಣಿ ಮತ್ತೆ ತೆರೆದ ಮೇಲೆ ನಾಲ್ಕು ದಿನ ಮುಗಿಸಿ ಡೆಲ್ಫಾ ಕರಿ ಟೋಪಿ ಹಾಕಿಕೊಂಡಳು. ಅಲ್ಲಿಂದ ಹದಿನೆಂಟು ವರ್ಷ ದುಡಿದಳು. ಇಬ್ಬರು ಮಕ್ಕಳೂ ಓದಿ, ಮದುವೆಯಾಗಿ ಊರು ಬಿಟ್ಟರು. ಆ ಹದಿನೆಂಟು ವರ್ಷದಲ್ಲಿ ಯಾರೊಬ್ಬರೂ ಅವಳ ಪಕ್ಕ ಕೂತು ಊಟ ಮಾಡಲಿಲ್ಲ. ಅವಳ ಬಿಲ್ಲೆಯನ್ನೂ ಯಾರೂ ಮುಟ್ಟಲಿಲ್ಲ. ಪ್ರೀತಿಯಿಂದಲ್ಲ, ಭಯದಿಂದ. ಅವಳಿಗೆ ಅದೇ ಸಾಕಾಗಿತ್ತು.

೧೯೯೭ರ ನವೆಂಬರಿನಲ್ಲಿ ಕಲ್ಲಿದ್ದಲು ಮುಗಿಯಿತು. ಕೊನೆಯ ಪಾಳಿ ಹೊರಗೆ ಬಂತು. ಬಾಗಿಲಿಗೆ ಗೋಡೆ ಎಬ್ಬಿಸಲು ಗಾರೆಯವರು ಸಿಮೆಂಟು ಕಲಸಿಕೊಂಡು ಕಾಯುತ್ತಿದ್ದರು. ಆಲಿಕಲ್ಲು ಬೆರೆತ ಮಳೆ ಮುಖಕ್ಕೆ ಚುಚ್ಚುತ್ತಿತ್ತು. ಹಲಗೆಯ ಮೇಲೆ ನೂರಾ ಹದಿನೇಳರ ಬಿಲ್ಲೆ ಒಂದು ಇನ್ನೂ ತೂಗುತ್ತಿತ್ತು. ಬಿಲ್ಲೆ ತೂಗುವ ತನಕ ಬಾಗಿಲು ಮುಚ್ಚುವಂತಿಲ್ಲ. ಬೇರೆಯವರು ತೆಗೆಯುವಂತಿಲ್ಲ.

“ಎಲ್ಲಿ ಅವಳು?” ಎಂದು ತಲೆ ನರೆತ ಹೋಬರ್ಟ್ ಕೂಗಿದ.

ಡೆಲ್ಫಾ ತನ್ನ ಟ್ರಕ್ಕಿನೊಳಗೆ ಹೀಟರು ಹಾಕಿಕೊಂಡು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಳು. ಎಲ್ಲರಿಗೂ ಕಾಣಿಸುತ್ತಿದ್ದಳು. ಯಾರಾದರೂ ಹಲಗೆಯ ಹತ್ತಿರ ಹೋಗಿ ಆ ಬಿಲ್ಲೆಯನ್ನು ಎತ್ತಿಬಿಡಬಹುದಿತ್ತು. ಯಾರೂ ಹೋಗಲಿಲ್ಲ. ಅಂದು ಅವಳು ಹೊಗೆಯಲ್ಲಿ ಉಳಿದಿದ್ದಷ್ಟೇ ಹೊತ್ತು, ಒಂದು ಗಂಟೆ, ಅವರು ಮಳೆಯಲ್ಲಿ ನಿಂತರು. ಅವಳು ಗಡಿಯಾರ ನೋಡಿಕೊಂಡೇ ಇಳಿದಳು.

ಹಲಗೆಯ ಪಕ್ಕ ವರ್ಲಿನ್ ನಡುಗುತ್ತ ನಿಂತಿದ್ದ. “ಹದಿನೆಂಟು ವರ್ಷ ಆಯ್ತು ಮಾರಾಯ್ತಿ. ಇನ್ನೂ ಮರೀಲಿಲ್ವಾ?”

“ನೀನು ಒಂದು ಸಲ ತಪ್ಪಾಯ್ತು ಅಂದಿದ್ರೆ ಮರೀತಿದ್ದೆ.” ಅವಳು ಕಾದಳು. ಈಗಲಾದರೂ ಅಂದಾನೆಂದು, ನಿಜವಾಗಿ ಕಾದಳು.

ಅವನು ಪಕ್ಕಕ್ಕೆ ತಿರುಗಿ ಉಗುಳಿದ.

ಅವಳು ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡು ಟ್ರಕ್ಕಿನ ಕಡೆ ನಡೆದಳು. ಹಿಂದೆ ಗಾರೆಯವರು, ಕಲಸಿದ್ದೆಲ್ಲ ಗಟ್ಟಿಯಾಯಿತೆಂದು ಗಂಡಸರ ಮೇಲೆ ರೇಗುತ್ತಿದ್ದರು.